ಓದುಗರ ಪ್ರಶ್ನೆ: ಬಂಡೆಯೊಳಗಿನ ಅಣುತ್ಯಾಜ್ಯ, ಬಾವಿಯೊಳಗಿನ ನೀರು

ಪ್ರಶ್ನೆ: ನಮ್ಮ ತೆಂಗಿನ ತೋಟದಲ್ಲಿ ಗಟ್ಟಿ ಬಂಡೆಯನ್ನು ಕೊರೆದು 800 ಅಡಿ ಇಳಿದ ಮೇಲೆ ನೀರು ಸಿಕ್ಕಿತು. ಅಷ್ಟು ಆಳದಲ್ಲೂ ನೀರು ಓಡಾಡುವುದಾದರೆ, ಅಣುತ್ಯಾಜ್ಯವನ್ನು ಬಂಡೆಯೊಳಗೆ ಹೂಳುವುದು ಸುರಕ್ಷಿತವೆಂದು ಯಾವ ಆಧಾರದ ಮೇಲೆ ಹೇಳುತ್ತಾರೆ? ಸೋರಿದರೆ ಆರೋಗ್ಯಕ್ಕೆ ಏನು ಹಾನಿ?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ತಾವು ಸರಿಯಾದ ಜಾಗದಲ್ಲೇ ಅನುಮಾನ ಪಟ್ಟಿದ್ದೀರಿ. ವಿಕಿರಣವನ್ನು ತಡೆಯಲು ಕೆಲವೇ ಮೀಟರ್ ದಪ್ಪದ ಬಂಡೆ ಸಾಕು. ಆಳದಲ್ಲಿ ಹೂತ ತ್ಯಾಜ್ಯವು ಮನುಷ್ಯರನ್ನು ತಲುಪಲು ಇರುವ ಮುಖ್ಯ ದಾರಿ ನೀರು. ಆದ್ದರಿಂದ ಅಪಾಯವನ್ನು ಅಂದಾಜು ಮಾಡುವವರು ಬಂಡೆಯಲ್ಲಿ ಬಿರುಕುಗಳು ಎಷ್ಟಿವೆ, ಅವು ಒಂದಕ್ಕೊಂದು ಕೂಡಿಕೊಂಡಿವೆಯೇ, ಅಲ್ಲಿನ ನೀರು ಎಷ್ಟು ಹಳೆಯದು ಎಂಬುದನ್ನು ಮೊದಲು ಅಳೆಯುತ್ತಾರೆ. ಹಾಸನ ಜಿಲ್ಲೆಯ ನೈಸ್ ಶಿಲೆ (ಗೊರೂರಿನದು 300 ಕೋಟಿ ವರ್ಷಕ್ಕೂ ಹಳೆಯದು) ತಾನಾಗಿ ನೀರನ್ನು ಹಿಡಿದಿಡುವುದಿಲ್ಲ. ತಮಗೆ ಸಿಕ್ಕಿದ್ದು ಬಿರುಕಿನ ನೀರು. ಪಕ್ಕದ ತೋಟದಲ್ಲಿ ಅಷ್ಟೇ ಆಳಕ್ಕೆ ಕೊರೆದರೂ ಬರೀ ಧೂಳು ಬರುವುದು ಇದರಿಂದಲೇ. ಒಳ್ಳೆಯ ಮಳೆಯಾದ ವರ್ಷ ಬಾವಿಯ ನೀರು ಏರುತ್ತದೆಯಾದರೆ ಆ ಬಿರುಕಿಗೆ ಮೇಲ್ಮೈಯ ಸಂಪರ್ಕವಿದೆ ಎಂದು ತಿಳಿಯಬೇಕು, ಮತ್ತು ಅಂಥ ಜಾಗ ತ್ಯಾಜ್ಯವನ್ನು ಹೂಳಲು ಯೋಗ್ಯವಲ್ಲ.

ಫಿನ್ಲೆಂಡ್‌ನ ಓಲ್ಕಿಲುವೊಟೊದಲ್ಲಿ ಸುಮಾರು 430 ಮೀಟರ್ ಆಳದ ನೈಸ್ ಶಿಲೆಯಲ್ಲಿ ಅಣುತ್ಯಾಜ್ಯವನ್ನು ಹೂಳಲೆಂದು ಓಂಕಾಲೊ ಎಂಬ ಸುರಂಗಜಾಲವನ್ನು ಕೊರೆದಿದ್ದಾರೆ. ಅಲ್ಲಿಯೂ ಬಿರುಕುಗಳಿವೆ. ಆದಕಾರಣ ಬಂಡೆಯೊಂದನ್ನೇ ನಂಬದೆ, ಸ್ಥಾವರದಲ್ಲಿ ಬಳಸಿದ ಅಣು ಇಂಧನವನ್ನು ಎರಕದ ಕಬ್ಬಿಣದ ಒಳಕವಚವಿರುವ ತಾಮ್ರದ ಪಾತ್ರೆಯಲ್ಲಿ ಮುಚ್ಚಿ, ಸುತ್ತಲೂ ಬೆಂಟೋನೈಟ್ ಜೇಡಿಯನ್ನು ತುಂಬುವ ಏರ್ಪಾಡನ್ನು ಮಾಡಿದ್ದಾರೆ. ಬೇಸಿಗೆಯಲ್ಲಿ ಬಾಯಿಬಿಟ್ಟ ಎರೆಹೊಲ ಮಳೆ ಬಿದ್ದೊಡನೆ ಉಬ್ಬಿ ಮುಚ್ಚಿಕೊಳ್ಳುವಂತೆ, ಈ ಜೇಡಿಯೂ ನೀರು ತಾಕಿದಾಗ ಉಬ್ಬಿ ಸಂದುಗಳನ್ನು ಮುಚ್ಚುತ್ತದೆ. ನಮ್ಮಲ್ಲಿಯೂ 1980ರ ದಶಕದಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ಕೋಲಾರದ ಚಿನ್ನದ ಗಣಿಯ ಆಳದಲ್ಲಿ ವಿದ್ಯುತ್ ಹೀಟರುಗಳನ್ನಿಟ್ಟು, ತ್ಯಾಜ್ಯದ ಶಾಖಕ್ಕೆ ಬಂಡೆ ಹೇಗೆ ವರ್ತಿಸಬಹುದೆಂದು ಪರೀಕ್ಷಿಸಿದ್ದರು. ತ್ಯಾಜ್ಯವನ್ನು ಅಲ್ಲಿ ಇಟ್ಟಿರಲಿಲ್ಲ.

ಇನ್ನು ಆರೋಗ್ಯದ ವಿಚಾರ. ಎಲ್ಲ ವಿಕಿರಣ ಧಾತುಗಳೂ ಒಂದೇ ಬಗೆಯಲ್ಲಿ ಹಾನಿ ಮಾಡುವುದಿಲ್ಲ. ಸೀಸಿಯಂ-137ರ ಅರ್ಧಾಯುಷ್ಯ (ವಿಕಿರಣ ಅರ್ಧಕ್ಕೆ ಇಳಿಯಲು ಬೇಕಾಗುವ ಕಾಲ) ಸುಮಾರು 30 ವರ್ಷ. ಪಾತ್ರೆ ಕೆಲವು ಶತಮಾನ ತಡೆದರೆ ಅದರ ಕಾಟ ಬಹುತೇಕ ತೀರುತ್ತದೆ. ಪ್ಲುಟೋನಿಯಂ-239ರ ಅರ್ಧಾಯುಷ್ಯ 24,100 ವರ್ಷ, ಉಸಿರಿನೊಂದಿಗೆ ಒಳಹೋದರೆ ಅದು ಬಲು ಅಪಾಯಕಾರಿ. ಆದರೆ ಜೇಡಿಗೂ ಕಲ್ಲಿಗೂ ಅಂಟಿಕೊಳ್ಳುವ ಸ್ವಭಾವದ್ದಾದ್ದರಿಂದ ನೀರಿನಲ್ಲಿ ಬಹಳ ದೂರ ಸಾಗದು. ದೀರ್ಘಕಾಲದ ಲೆಕ್ಕದಲ್ಲಿ ತಜ್ಞರನ್ನು ಹೆಚ್ಚು ಕಾಡುವುದು ಅಯೋಡಿನ್-129. ಅದು ನೀರಿನೊಡನೆ ಸಲೀಸಾಗಿ ಸಾಗುತ್ತದೆ, ಥೈರಾಯ್ಡ್ ಗ್ರಂಥಿಯಲ್ಲಿ ಸೇರಿಕೊಳ್ಳುತ್ತದೆ, ಅದರ ಅರ್ಧಾಯುಷ್ಯ ಒಂದೂವರೆ ಕೋಟಿ ವರ್ಷಕ್ಕೂ ಮಿಗಿಲು.

ಫಿನ್ಲೆಂಡ್‌ನ ನಿಯಮದಂತೆ, ಮುಂದಿನ ಕೆಲವು ಸಾವಿರ ವರ್ಷಗಳ ಲೆಕ್ಕದಲ್ಲಿ ಅತಿ ಹೆಚ್ಚು ಬಾಧಿತನಾಗುವ ವ್ಯಕ್ತಿಗೂ ತಗಲುವ ವಿಕಿರಣ ವರ್ಷಕ್ಕೆ 0.1 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ) ಮೀರಬಾರದು. ನೆಲ, ಗಾಳಿ, ಆಕಾಶಗಳಿಂದ ಸಹಜವಾಗಿ ನಮಗೆ ತಗಲುವ ಪ್ರಮಾಣದ ಜಾಗತಿಕ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್. ಒಂದು ಸೀವರ್ಟ್‌ಗೆ (ಅಂದರೆ ಸಾವಿರ ಮಿಲಿಸೀವರ್ಟ್) ಕ್ಯಾನ್ಸರ್ ಸಾವಿನ ಸಾಧ್ಯತೆ ಸುಮಾರು ಶೇ. 5 ಎಂಬ ರೂಢಿಯ ಅಂದಾಜನ್ನು ಹಿಡಿದರೆ, ಆ 0.1ರ ಅಪಾಯ ಎರಡು ಲಕ್ಷದಲ್ಲಿ ಒಂದು.

ಈ ಲೆಕ್ಕಗಳಿಗಿಂತ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುವುದು ಮನುಷ್ಯರ ಅವಸರ. ಜರ್ಮನಿಯ ಆಸ್ಸೆಯಲ್ಲಿ 1967ರಿಂದ 1978ರವರೆಗೆ ಹಳೆಯ ಉಪ್ಪಿನ ಗಣಿಯೊಂದಕ್ಕೆ ಅಣುತ್ಯಾಜ್ಯದ ಸುಮಾರು 1,26,000 ಪೀಪಾಯಿಗಳನ್ನು ಇಳಿಸಿದರು. ಮೊದಲೇ ತೋಡಿ ಟೊಳ್ಳಾಗಿದ್ದ ಆ ಗಣಿಗೆ ಈಗ ದಿನವೂ ಉಪ್ಪುನೀರು ಒಸರುತ್ತಿದೆ, ಪೀಪಾಯಿಗಳನ್ನು ಮತ್ತೆ ಹೊರತೆಗೆಯಬೇಕೆಂದು ಅವರೇ ತೀರ್ಮಾನಿಸಿದ್ದಾರೆ. ಅಮೆರಿಕದ ನ್ಯೂ ಮೆಕ್ಸಿಕೊದ ಉಪ್ಪಿನ ಪದರದಲ್ಲಿರುವ ಅಣುತ್ಯಾಜ್ಯ ಕೇಂದ್ರದಲ್ಲಿ 2014ರ ಫೆಬ್ರುವರಿಯಲ್ಲಿ ಒಂದು ಪೀಪಾಯಿ ಸಿಡಿದು ವಿಕಿರಣ ಹೊರಬಿತ್ತು. ತ್ಯಾಜ್ಯದೊಡನೆ ಬೆರೆಸಿದ್ದ ಹೀರುವಸ್ತು ತಪ್ಪಾಗಿತ್ತು, ಅಷ್ಟೇ. ಆದರೆ ಕೇಂದ್ರ ಸುಮಾರು ಮೂರು ವರ್ಷ ತ್ಯಾಜ್ಯವನ್ನು ಸ್ವೀಕರಿಸಲಾಗಲಿಲ್ಲ.

ಪ್ರಶ್ನೆ: ಕೈಗಾದ ತ್ಯಾಜ್ಯವನ್ನು ನಮ್ಮ ಘಟ್ಟದ ಬಂಡೆಗಳಲ್ಲಿ ಹೂತಿದ್ದಾರೆ ಎನ್ನುತ್ತಾರೆ. ನಿಜವೇ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಇಲ್ಲ. ಭಾರತದಲ್ಲಿ ಅಂಥ ಆಳದ ಭಂಡಾರ ಈವರೆಗೆ ಎಲ್ಲಿಯೂ ಇಲ್ಲ. ನಮ್ಮ ನೀತಿಯ ಪ್ರಕಾರ ಬಳಸಿದ ಇಂಧನವನ್ನು ಸಂಸ್ಕರಿಸಿ ಪ್ಲುಟೋನಿಯಂ ಮತ್ತು ಯುರೇನಿಯಂ ತೆಗೆದುಕೊಳ್ಳುತ್ತಾರೆ. ಉಳಿದ ತೀವ್ರ ವಿಕಿರಣದ ತ್ಯಾಜ್ಯವನ್ನು ಗಾಜಿನಲ್ಲಿ ಬೆರೆಸಿ ಗಟ್ಟಿಮಾಡಿ, ಮಹಾರಾಷ್ಟ್ರದ ತಾರಾಪುರದಂಥ ಕಡೆ ತಣ್ಣಗಾಗಲು ಕಾವಲಿನಲ್ಲಿ ಇಡುತ್ತಾರೆ. ಕಡಿಮೆ ವಿಕಿರಣದ ತ್ಯಾಜ್ಯವನ್ನು ಆಯಾ ಸ್ಥಾವರದ ಆವರಣದಲ್ಲೇ ಕಾಂಕ್ರೀಟ್ ಗುಂಡಿಗಳಲ್ಲಿ ಮುಚ್ಚಲಾಗುತ್ತದೆ.