ರ‍್ಯಾಂಪ್ ಇದೆ, ಗೇಟಿಗೆ ಬೀಗ!

ಪ್ರಶ್ನೆ: ನನ್ನ ತಮ್ಮ ಗಾಲಿಕುರ್ಚಿಯಲ್ಲಿ ಓಡಾಡುತ್ತಾನೆ. ಇಲ್ಲಿನ ಒಂದು ಸರ್ಕಾರಿ ಕಚೇರಿಯ ರ‍್ಯಾಂಪ್ ತುಂಬಾ ಕಡಿದಾಗಿದೆ, ಇಬ್ಬರು ತಳ್ಳಬೇಕು. ಮೇಲೆ ಹೋದರೆ ಗೇಟಿಗೆ ಬೀಗ. ‘ಎತ್ತಿಕೊಂಡು ಬನ್ನಿ’ ಅಂತಾರೆ. ಏನು ಮಾಡೋದು ವಕೀಲರೇ?
– ಓದುಗರು, ಉಡುಪಿ

ಉತ್ತರ: ದಯವಿಟ್ಟು ಎತ್ತಿಕೊಂಡು ಹೋಗಬೇಡಿ. ಒಳಗೆ ಹೋಗುವುದು ನಿಮ್ಮ ತಮ್ಮನ ಹಕ್ಕು. ಹಳೆಯ ಸಾರ್ವಜನಿಕ ಕಟ್ಟಡಗಳನ್ನೂ ಸರಿಪಡಿಸಲೇಬೇಕು ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 45ನೇ ಸೆಕ್ಷನ್ ಹೇಳುತ್ತದೆ, ಅದಕ್ಕೆ ಕೊಟ್ಟ 5 ವರ್ಷದ ಗಡುವು ಯಾವಾಗಲೋ ಮುಗಿದಿದೆ, 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಇಂಥ ಸೌಲಭ್ಯ ಹೇಗಿರಬೇಕು ಅನ್ನೋ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯ ಆಗಬೇಕು ಅಂತ ಸ್ಪಷ್ಟವಾಗಿ ಹೇಳಿದೆ. 1 ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದದ ರ‍್ಯಾಂಪ್ ಬೇಕು. ಟೇಪ್ ಹಿಡಿದು ಅಳೆಯಿರಿ, ಬೀಗದ ಫೋಟೊ ತೆಗೆಯಿರಿ. ನಮ್ಮಲ್ಲಿ ಮಳೆಗಾಲಕ್ಕೆ ಪಾಚಿ ಬೇರೆ, ಅಲ್ವಾ? ಅದನ್ನೂ ಬರೆಯಿರಿ. ಮೊದಲು ಕಚೇರಿ ಮುಖ್ಯಸ್ಥರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅವರು ಸುಮ್ನೆ ಕೂತರೆ ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು ಕೊಡಿ.