ರೋಮನ್ ನಾಣ್ಯದ ಹಿಂಬದಿಯ ಹೆಂಗಸು

ಪ್ರಶ್ನೆ: ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಪ್ರಾಚೀನ ರೋಮಿನ ಚಿನ್ನದ ನಾಣ್ಯಗಳನ್ನು ನೋಡಿದೆ. ಒಂದು ಬದಿಯಲ್ಲಿ ಚಕ್ರವರ್ತಿಯ ತಲೆ, ಇನ್ನೊಂದರಲ್ಲಿ ತಕ್ಕಡಿಯನ್ನೋ ಭರ್ಜಿಯನ್ನೋ ಹಿಡಿದ ಹೆಂಗಸು. ಇವರೆಲ್ಲ ದೇವತೆಗಳೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ದೇವತೆಗಳು ಹೌದು, ಆದರೆ ಪುರಾಣದ ಕಥೆಗಳುಳ್ಳ ದೇವತೆಗಳಲ್ಲ, ಸದ್ಗುಣಗಳೇ ಮೈತಳೆದ ರೂಪಗಳು. ದೇವರು, ಹೆತ್ತವರು ಮತ್ತು ನಾಡಿನ ಬಗೆಗಿನ ಭಕ್ತಿಯಾದ ಪಿಯೆಟಾಸ್, ಒಮ್ಮತವಾದ ಕಾನ್ಕಾರ್ಡಿಯಾ ಇವರಿಗೆ ರೋಮ್ ನಗರದಲ್ಲಿ ಗುಡಿಗಳೇ ಇದ್ದವು. ಸಂಸ್ಕೃತದ ಕರುಣಾ, ಶಾಂತಿ, ಕ್ಷಮಾ ಶಬ್ದಗಳಂತೆ ಲ್ಯಾಟಿನ್ನಿನಲ್ಲಿಯೂ ಇಂಥ ಗುಣವಾಚಕಗಳು ಬಹುಮಟ್ಟಿಗೆ ಸ್ತ್ರೀಲಿಂಗದವು. 'ಗಂಡಸು' ಎಂಬ ಅರ್ಥದ 'ವಿರ್' ಶಬ್ದದಿಂದ ಹುಟ್ಟಿದ ವಿರ್ಟುಸ್, ಅಂದರೆ ಶೌರ್ಯ ಕೂಡ, ಹೆಣ್ಣಾಗಿಯೇ ಶಿರಸ್ತ್ರಾಣ ತೊಟ್ಟು ಭರ್ಜಿ ಹಿಡಿದು ನಿಲ್ಲುತ್ತಾಳೆ.

ಗುಡಿಯ ಮೂರ್ತಿಯನ್ನು ಆಯುಧದಿಂದ ಗುರುತಿಸುವಂತೆ ಇವರನ್ನು ಕೈಯಲ್ಲಿರುವ ವಸ್ತುವಿನಿಂದ ಗುರುತಿಸಬೇಕು. ತಕ್ಕಡಿ ಹಿಡಿದವಳು ಈಕ್ವಿಟಾಸ್, ನ್ಯಾಯವಾದ ನಡತೆ. ರಾಣಿಯರ ನಾಣ್ಯಗಳಲ್ಲಿ ಸೆರಗನ್ನು ಮುಖದತ್ತ ಎಳೆದುಕೊಳ್ಳುವವಳು ಪುಡಿಕಿಟಿಯಾ, ಮಾನ.

ನನಗೆ ಎಲ್ಲಕ್ಕಿಂತ ಪ್ರಿಯವಾದುದು ಕ್ಲಾಡಿಯಸ್ ಚಕ್ರವರ್ತಿಯ ಒಂದು ನಾಣ್ಯ. ಕುಂಟುನಡೆ ಮತ್ತು ತೊದಲುಮಾತಿನ ಕಾರಣಕ್ಕೆ ಮನೆಯವರಿಂದಲೇ ಕಡೆಗಣಿಸಲ್ಪಟ್ಟಿದ್ದ ಈತ, ಕ್ರಿ.ಶ. 41ರಲ್ಲಿ ಹಿಂದಿನ ಚಕ್ರವರ್ತಿ ಕಲಿಗುಲನ ಕೊಲೆಯಾದ ಮೇಲೆ, 49ನೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದ. ಅವನ ನಾಣ್ಯದಲ್ಲಿ ಅಧಿಕಾರದ ಪೀಠದ ಮೇಲೆ ಕುಳಿತ ಹೆಂಗಸೊಬ್ಬಳು ಬಲಗೈಯನ್ನು ಮುಖದವರೆಗೆ ಎತ್ತಿದ್ದಾಳೆ, ಅಷ್ಟೆ. ಆಯುಧವಿಲ್ಲ, ಫಲಪುಷ್ಪಗಳಿಲ್ಲ. ಸುತ್ತಲಿನ ಬರಹ 'ಚಕ್ರವರ್ತಿಯ ಸ್ಥೈರ್ಯಕ್ಕೆ' ಎನ್ನುತ್ತದೆ. ಅಷ್ಟು ವರ್ಷ ಸಹಿಸಿ ಕಾದವನು ತನ್ನದೆಂದು ಹೇಳಿಕೊಳ್ಳಲು ಆರಿಸಿಕೊಂಡ ಗುಣ ಇದು ಎಂದುಕೊಂಡರೆ ಆ ಎತ್ತಿದ ಕೈಯನ್ನು ಬೇರೆಯೇ ಕಣ್ಣಿನಿಂದ ನೋಡುತ್ತೇವೆ.

ಬರಹದಲ್ಲಿರುವ 'ಚಕ್ರವರ್ತಿಯ' ಎಂಬ ಮಾತನ್ನು ಗಮನಿಸಬೇಕು. ಕ್ರಿ.ಪೂ. 27ರಲ್ಲಿ ಸೆನೆಟ್ ಸಭೆಯು ಮೊದಲ ಚಕ್ರವರ್ತಿ ಅಗಸ್ಟಸನ ಶೌರ್ಯ, ದಯೆ, ನ್ಯಾಯ, ಭಕ್ತಿ ಎಂಬ ನಾಲ್ಕು ಗುಣಗಳನ್ನು ಹೊಗಳಿ ಚಿನ್ನದ ಗುರಾಣಿಯೊಂದನ್ನು ತನ್ನ ಭವನದಲ್ಲಿ ಇರಿಸಿತು. ಆ ಗುರಾಣಿಯ ಚಿತ್ರ ಅವನ ನಾಣ್ಯಗಳ ಮೇಲೂ ಬಂತು. ಸದ್ಗುಣವು ಆಳುವವನ ಸೊತ್ತಾಗಿ ಕೈಯಿಂದ ಕೈಗೆ ದಾಟತೊಡಗಿತು. ಎಲ್ಲರ ಕೈಗೂ ಅಲ್ಲ. ಔರಿಯಸ್ ಎಂಬ ಈ ಚಿನ್ನದ ನಾಣ್ಯ ನಮ್ಮ ಒಂದು ಪವನಿಗೆ ತುಸು ಕಡಿಮೆ ತೂಗುತ್ತಿತ್ತು. 25 ಬೆಳ್ಳಿಯ ಡಿನೇರಿಯಸ್‌ಗಳಿಗೆ ಸಮನಾಗಿದ್ದ ಅದು ಅಗಸ್ಟಸನ ಕಾಲದ ಸಾಮಾನ್ಯ ಕಾಲಾಳಿಗೆ ವರ್ಷದ ಸಂಬಳವಾಗಿ ಸಿಗುತ್ತಿದ್ದುದು ಒಂಬತ್ತರಷ್ಟು ಮಾತ್ರ.

ವ್ಯಾಪಾರದ ಮೂಲಕ ಈ ನಾಣ್ಯಗಳು ದಕ್ಷಿಣ ಭಾರತಕ್ಕೂ ಬಂದವು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ದೊರೆತವು ಬೆಳ್ಳಿಯವು. ತಮಿಳುನಾಡಿನ ಪುದುಕ್ಕೋಟ್ಟೈ ಬಳಿ 1898ರಲ್ಲಿ ದೊರೆತ ನಿಧಿಯಲ್ಲಿ 501 ಚಿನ್ನದ ನಾಣ್ಯಗಳಿದ್ದವು. ಮುಂದಿನ ಬಾರಿ ಅದೇ ಮ್ಯೂಸಿಯಮ್ಮಿಗೆ ಹೋದಾಗ ಆ ನಿಧಿಯ ನಾಣ್ಯಗಳನ್ನು ಹುಡುಕಿ ನೋಡಿ. ಅವುಗಳಲ್ಲಿ ಹೆಚ್ಚಿನವುಗಳ ಮೇಲೆ ಉಳಿಯ ಒಂದು ಆಳವಾದ ಗೀರು ಇದೆ, ಅದೂ ನೇರವಾಗಿ ಚಕ್ರವರ್ತಿಯ ತಲೆಯ ಮೇಲೆ.