ತೇವ, ಅರ್ತಿಂಗ್, ಹದಿನಾಲ್ಕು ಅಡಿ ಕೋಣೆ: ಬಾಸ್ ಗಿಟಾರ್ ಪ್ರಶ್ನೋತ್ತರ

ಈ ಸಲ ಕೊಡಗಿನ ಪತ್ರಗಳನ್ನೇ ಎತ್ತಿಕೊಂಡಿದ್ದೇವೆ. ‘ಯಾವ ಕಂಪನಿಯದು ಕೊಳ್ಳಲಿ’ ಎಂದು ಕೇಳಿದವರೇ ಜಾಸ್ತಿ. ಆದರೆ ಅವರು ಬರೆದ ತೊಂದರೆಗಳಲ್ಲಿ ಹೆಚ್ಚಿನವು ಹೊಸ ವಾದ್ಯ ತಂದರೂ ಮನೆಬಾಗಿಲಲ್ಲೇ ಕಾದಿರುವಂಥವು.

ಪ್ರಶ್ನೆ: ನನ್ನದು ನಾಲ್ಕು ತಂತಿಯ ಬಾಸ್, ರೋಸ್‌ವುಡ್ ಫಿಂಗರ್‌ಬೋರ್ಡ್ (ಬೆರಳೊತ್ತುವ ಮುಖ). ಏಪ್ರಿಲ್‌ವರೆಗೆ ಚೆನ್ನಾಗಿತ್ತು. ಜುಲೈನಿಂದ ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ (ಆ ಮುಖದ ಮೇಲಿನ ಅಡ್ಡ ಲೋಹದ ಪಟ್ಟಿಗಳಲ್ಲಿ) ಗರಗರ ಸದ್ದು. ಬ್ರಿಜ್‌ನಲ್ಲಿ (ಬಾಡಿಯ ಮೇಲೆ ತಂತಿ ಕೂರುವ ಆಸರೆಯಲ್ಲಿ) ತಂತಿ ಎತ್ತರಿಸಿದೆ. ಬೆರಳು ನೋವು ಬಂತೇ ಹೊರತು ಸದ್ದು ಹೋಗಲಿಲ್ಲ. ತಂತಿಗಳೂ ಎರಡೇ ತಿಂಗಳಿಗೆ ಮಂಕಾಗುತ್ತಿವೆ. — ಓದುಗರೊಬ್ಬರು, ಮಡಿಕೇರಿ

ಉತ್ತರ: ಬ್ರಿಜ್ ಎತ್ತರಿಸಿದ್ದನ್ನು ಮೊದಲು ಇದ್ದಲ್ಲಿಗೆ ಇಳಿಸಿ. ಗರಗರ ಎಲ್ಲಿ ಬರುತ್ತದೆ ಎಂಬುದೇ ಕಾರಣವನ್ನು ಹೇಳುತ್ತದೆ. ಮೊದಲ ಐದು ಫ್ರೆಟ್‌ಗಳಲ್ಲಿ ಮಾತ್ರ ಬಂದರೆ ನೆಕ್ (ವಾದ್ಯದ ಉದ್ದನೆಯ ಕತ್ತು) ತೀರ ನೆಟ್ಟಗಾಗಿದೆ ಅಥವಾ ಹಿಂದಕ್ಕೆ ಬಾಗಿದೆ. ಹನ್ನೆರಡರ ಆಚೆ ಬಂದರೆ ತಂತಿಯ ಎತ್ತರ ಸಾಲದು. ಒಂದೇ ಒಂದು ಫ್ರೆಟ್‌ನಲ್ಲಿ ಬಂದರೆ ಅದರ ಮುಂದಿನ ಫ್ರೆಟ್ ಮೇಲೆದ್ದಿದೆ.

ನಿಮ್ಮದು ಮೊದಲನೆಯದು. ನೆಕ್‌ನ ಹಿಂಬದಿಗೆ ವಾರ್ನಿಶ್ ಇರುತ್ತದೆ, ರೋಸ್‌ವುಡ್ ಮುಖಕ್ಕೆ ಇರುವುದಿಲ್ಲ. ವರ್ಷಕ್ಕೆ 3000 ಮಿ.ಮೀ. ದಾಟಿ ಮಳೆ ಬೀಳುವ ಊರಿನಲ್ಲಿ ಆ ಬರಿಮೈ ಮರ ತೇವ ಹೀರಿ ಉಬ್ಬುತ್ತದೆ, ನೆಕ್ಕನ್ನು ಹಿಂದಕ್ಕೆ ತಳ್ಳುತ್ತದೆ. ಸುಮಾರು 75 ಕೆ.ಜಿ. ಎಳೆತದಿಂದ ತಂತಿಗಳು ಮುಂದಕ್ಕೆ ಜಗ್ಗುತ್ತಿದ್ದರೂ ಕೆಲವು ನೆಕ್‌ಗಳಲ್ಲಿ ಉಬ್ಬಿನ ಕೈಯೇ ಮೇಲಾಗುತ್ತದೆ. ಎಲ್ಲ ಮರವೂ ಹೀಗೇ ಆಡುವುದಿಲ್ಲ. ಅದಕ್ಕೇ ಅಳೆಯದೆ ಏನನ್ನೂ ತಿರುಗಿಸಬೇಡಿ.

ಅಳೆಯುವುದು ಹೀಗೆ. ವಾದ್ಯವನ್ನು ಶ್ರುತಿ ಮಾಡಿ, ನುಡಿಸುವ ಭಂಗಿಯಲ್ಲೇ ಹಿಡಿಯಿರಿ. ಮೇಜಿನ ಮೇಲೆ ಮಲಗಿಸಿದರೆ ನೆಕ್ ತನ್ನ ಭಾರಕ್ಕೇ ಬಾಗಿ ಸುಳ್ಳು ಲೆಕ್ಕ ಕೊಡುತ್ತದೆ. ದಪ್ಪ ‘ಇ’ ತಂತಿಯನ್ನು ಒಂದನೇ ಫ್ರೆಟ್‌ನಲ್ಲಿ ಕೇಪೋ (ತಂತಿ ಒತ್ತಿಹಿಡಿಯುವ ಕ್ಲಿಪ್) ಹಾಕಿ ಒತ್ತಿ, ನೆಕ್ ಬಾಡಿಗೆ ಸೇರುವ ಕಡೆ ಇನ್ನೊಂದು ಕೈಯಿಂದ ಒತ್ತಿ. ಈಗ ಎಂಟನೇ ಫ್ರೆಟ್‌ನ ನೆತ್ತಿಗೂ ತಂತಿಯ ಹೊಟ್ಟೆಗೂ ನಡುವೆ 0.3 ಮಿ.ಮೀ. ಸಂದು ಇರಬೇಕು. ಬೈಕ್ ಗ್ಯಾರೇಜಿನಲ್ಲಿ ಟ್ಯಾಪೆಟ್ ಹೊಂದಿಸುವ ಫೀಲರ್ ಗೇಜ್ ಇದಕ್ಕೆ ಸಾಕು. ಅದೂ ಸಿಗದಿದ್ದರೆ ಅಕೂಸ್ಟಿಕ್ ಗಿಟಾರಿನ 0.012 ಇಂಚಿನ ಒಂದನೇ ತಂತಿ ಕಡಿದಾಗ ಎಸೆಯದೆ ಒಂದು ತುಂಡು ಇಟ್ಟುಕೊಳ್ಳಿ, ಅದರ ದಪ್ಪ ಸರಿಯಾಗಿ 0.3 ಮಿ.ಮೀ. ಆ ತುಂಡು ಸಂದಿನಲ್ಲಿ ಸವರಿಕೊಂಡು ಹೋಗಬೇಕು. ಬಾಸ್ ತಂತಿಯನ್ನು ಎತ್ತಲೂಬಾರದು, ಸಡಿಲವಾಗಿ ಅಲ್ಲಾಡಲೂಬಾರದು.

ಸಂದು ಇಲ್ಲವೇ ಇಲ್ಲ ಎಂದಾದರೆ ಟ್ರಸ್ ರಾಡ್ (ನೆಕ್ಕಿನೊಳಗಿದ್ದು ಅದರ ಬಾಗು ಹೊಂದಿಸುವ ಸರಳು) ಸಡಿಲಿಸಿ: ಅದರ ನಟ್ಟಿನ ಎದುರು ನಿಂತು ನೋಡಿದಂತೆ ಗಡಿಯಾರಕ್ಕೆ ವಿರುದ್ಧವಾಗಿ, ಒಂದು ಸಲಕ್ಕೆ ಎಂಟನೇ ಒಂದು ಸುತ್ತು. ಮತ್ತೆ ಶ್ರುತಿ ಮಾಡಿ, ಅರ್ಧ ಗಂಟೆ ಬಿಟ್ಟು ಅಳೆಯಿರಿ. ಒಂದು ದಿನಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಅಲೆನ್ ಕೀ ಒಂದಿಷ್ಟು ಸಡಿಲವಾಗಿ ಕೂತರೂ ನಿಲ್ಲಿಸಿ. ಇಂಚಿನ ಅಳತೆಯ ನಟ್ಟಿಗೆ ಮಿಲಿಮೀಟರ್ ಕೀ ಹಾಕಿ ಮೂಲೆ ಸವೆಸಿದರೆ ಆಮೇಲೆ ದುಬಾರಿ ರಿಪೇರಿ. ನೆಕ್ ಸರಿಹೋದ ಮೇಲಷ್ಟೇ ಬ್ರಿಜ್ ಮುಟ್ಟಿ. ಹನ್ನೆರಡನೇ ಫ್ರೆಟ್‌ನಲ್ಲಿ ‘ಇ’ ತಂತಿಗೆ 2.5 ಮಿ.ಮೀ., ‘ಜಿ’ಗೆ 2 ಮಿ.ಮೀ. ಎತ್ತರ ಒಳ್ಳೆಯ ಆರಂಭ.

ಡಿಸೆಂಬರ್–ಜನವರಿಯಲ್ಲಿ ಕಣದಲ್ಲಿ ಕಾಫಿ ಒಣಗುವ ಹೊತ್ತಿಗೆ ಇದೇ ನೆಕ್ ಮುಂದಕ್ಕೆ ಬಾಗುತ್ತದೆ, ಆಗ ಬಿಗಿ ಮಾಡಬೇಕು. ವರ್ಷಕ್ಕೆ ಎರಡು ಸಲ, ಜೂನ್ ಕೊನೆಗೊಮ್ಮೆ ಜನವರಿಗೊಮ್ಮೆ, ಅಳೆದು ಕೇಸಿನೊಳಗೆ ಚೀಟಿ ಬರೆದಿಡಿ. ಒಣಹವೆಗೆ ಫ್ರೆಟ್‌ನ ತುದಿಗಳು ಅಂಗೈಗೆ ಚುಚ್ಚಿದರೆ ಗಾಬರಿ ಬೇಡ, ಮರ ಕುಗ್ಗಿದೆ ಅಷ್ಟೇ. ಮಳೆ ಬರುವ ಮುಂಚೆ ಅರ ಹಾಕಿಸಬೇಡಿ.

ಒಲೆಯ ಮೇಲಿನ ಅಟ್ಟ ಬೆಚ್ಚಗಿದೆ ಎಂದು ಬಾಸನ್ನು ಅಲ್ಲಿಡುವುದು ಬೇಡ. ಹೊಗೆಯ ಜಿಡ್ಡು, ಹಗಲು–ರಾತ್ರಿಯ ಬಿಸಿ–ತಂಪಿನ ಏರಿಳಿತ ಎರಡೂ ಕೆಟ್ಟವು. ಬಾಯಿ ಬಿಗಿಯಾಗಿ ಮುಚ್ಚುವ ಗಟ್ಟಿ ಕೇಸ್, ಒಳಗೆ ಅರ್ಧ ಕಿಲೋ ಸಿಲಿಕಾ ಜೆಲ್, ಜೊತೆಗೆ ಸಣ್ಣ ಆರ್ದ್ರತಾ ಮಾಪಕ. ಮುಳ್ಳು ಶೇಕಡಾ 45ರಿಂದ 55ರ ನಡುವೆ ನಿಂತರೆ ಪರಮಸುಖ, 65 ಆದರೂ ನಡೆಯುತ್ತದೆ. ಬಣ್ಣ ಬದಲಿಸುವ ಜೆಲ್ ತನ್ನ ಬಣ್ಣ ಬಿಟ್ಟಾಗ ಓವನ್‌ನಲ್ಲಿ 110 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ ಮತ್ತೆ ಬಳಸಿ. ಬಟ್ಟೆಯ ಗಿಗ್ ಬ್ಯಾಗ್ ಈ ಊರಿನ ಮಳೆಗಾಲಕ್ಕೆ ಒದ್ದೆ ಟವೆಲ್ ಇದ್ದಂತೆ.

ತಂತಿಗಳ ವಿಚಾರ. ಮಂಕಾಗುವುದು ಬರೀ ತುಕ್ಕಿನಿಂದಲ್ಲ. ಸುತ್ತಿನ ಸಂದುಗಳಲ್ಲಿ ಬೆವರು, ಚರ್ಮದ ಜಿಡ್ಡು ಕೂತು ಕಂಪನವನ್ನು ಹಿಡಿದಿಡುತ್ತವೆ. ನುಡಿಸಿ ಎದ್ದ ಕೂಡಲೇ ಒಣ ಹತ್ತಿಬಟ್ಟೆಯಲ್ಲಿ ತಂತಿಯ ಅಡಿಭಾಗವನ್ನೂ ಸೇರಿಸಿ ಒರೆಸಿ. ಹಳೆ ತಂತಿಯನ್ನು ಕುದಿನೀರಿಗೆ ಹಾಕಿ ತೊಳೆಯುವ ಉಪಾಯ ಬಯಲುಸೀಮೆಯಲ್ಲಿ ನಡೆದೀತು, ಜುಲೈನ ಮಡಿಕೇರಿಯಲ್ಲಿ ಸುತ್ತಿನೊಳಗಿನ ನೀರು ಆರುವಷ್ಟರಲ್ಲಿ ಒಳತಂತಿಗೆ ತುಕ್ಕು. ಬದಲಿಗೆ ತೋಟದ ಪೈಪ್ ಲೈನಿನಲ್ಲಿ ಉಳಿದ ಮುಕ್ಕಾಲು ಇಂಚಿನ ಪಿವಿಸಿ ಪೈಪ್ ನಾಲ್ಕು ಅಡಿ ಕತ್ತರಿಸಿ, ಒಂದು ತುದಿಗೆ ಮುಚ್ಚಳ ಅಂಟಿಸಿ, ಇನ್ನೊಂದಕ್ಕೆ ತಿರುಪು ಮುಚ್ಚಳ ಹಾಕಿ. ಐಸೊಪ್ರೊಪೈಲ್ ಆಲ್ಕೊಹಾಲ್ ಒಳಗೆ ತುಂಬಿ ತಂತಿಗಳನ್ನು ಒಂದು ರಾತ್ರಿ ಮುಳುಗಿಸಿ, ಒರೆಸಿ, ಒಂದೆರಡು ಗಂಟೆ ಗಾಳಿಗೆ ನೇತುಹಾಕಿ. ಬೆಂಕಿ, ಬೀಡಿ, ಒಲೆ ದೂರವಿರಲಿ. ಎರಡು–ಮೂರು ಸಲ ಹೀಗೆ ಜೀವ ಬರುತ್ತದೆ. ಆಮೇಲೆ ಬಿರಟೆಯ ಬಳಿ ಬಗ್ಗಿ ಬಗ್ಗಿ ತಂತಿಯೇ ಸೋಲುತ್ತದೆ.

ಪ್ರಶ್ನೆ: ಮನೆಯಲ್ಲಿ ಆ್ಯಂಪ್ ಹಾಕಿದರೆ ‘ಗುಂಯ್’ ಎನ್ನುತ್ತದೆ, ತಂತಿ ಮುಟ್ಟಿದರೆ ನಿಲ್ಲುತ್ತದೆ. ಕಲ್ಯಾಣಮಂಟಪದಲ್ಲಿ ಹಾಡುತ್ತ ನುಡಿಸುವಾಗ ತುಟಿ ಮೈಕಿಗೆ ತಾಗಿದರೆ ‘ಜುಮ್’ ಎನ್ನುತ್ತದೆ. ಎರಡಕ್ಕೂ ಒಂದೇ ಕಾರಣವೇ? — ಗೋಣಿಕೊಪ್ಪಲು

ಉತ್ತರ: ಅಲ್ಲ. ಮೊದಲನೆಯದು ಕಿರಿಕಿರಿ, ಎರಡನೆಯದು ಪ್ರಾಣಕ್ಕೆ ಸಂಬಂಧಿಸಿದ್ದು.

ತಂತಿ ಮುಟ್ಟಿದಾಗ ಗುಂಯ್ ನಿಂತರೆ ಬ್ರಿಜ್‌ನಿಂದ ಒಳಗೆ ಹೋಗುವ ಅರ್ಥ್ ವೈರ್ ಸರಿಯಿದೆ ಎಂದರ್ಥ. ನಿಮ್ಮ ಮೈ ಸುತ್ತಲಿನ ವಿದ್ಯುತ್ ಗದ್ದಲವನ್ನು ಹಿಡಿದು ಪಿಕಪ್‌ಗೆ (ತಂತಿಯ ಕಂಪನ ಹಿಡಿಯುವ ಕಾಂತದ ಸುರುಳಿಗೆ) ಕೊಡುತ್ತಿತ್ತು, ಮುಟ್ಟಿದಾಗ ಅದು ಅರ್ಥ್‌ಗೆ ಹರಿಯಿತು. ವಾಲ್ಯೂಮ್, ಟೋನ್ ಕಂಟ್ರೋಲ್‌ಗಳು ಕೂರುವ ಕುಳಿಯೊಳಗೆ ತಾಮ್ರದ ಅಂಟುಪಟ್ಟಿ ಹಚ್ಚಿ, ಪಟ್ಟಿಯ ಒಂದು ತುದಿಯನ್ನು ವಾಲ್ಯೂಮ್ ಪಾಟ್‌ನ (ಸದ್ದು ಏರಿಳಿಸುವ ಕಂಟ್ರೋಲ್‌ನ) ಬೆನ್ನಿಗೆ ಬೆಸುಗೆ ಹಾಕಿದರೆ ಬಹುಪಾಲು ಹೋಗುತ್ತದೆ.

ಜುಮ್ ಎನ್ನುವುದು ಹಾಗಲ್ಲ. ನಿಮ್ಮ ತಂತಿ ಆ್ಯಂಪ್‌ನ ಅರ್ಥ್‌ಗೆ, ಮೈಕ್ ಮಿಕ್ಸರ್‌ನ ಅರ್ಥ್‌ಗೆ ಸೇರಿವೆ. ಆ ಎರಡು ಅರ್ಥ್‌ಗಳ ನಡುವೆ ವೋಲ್ಟೇಜ್ ಇದೆ, ನೀವು ನಡುವಿನ ವೈರ್ ಆಗಿದ್ದೀರಿ. ನುಡಿಸುವ ಮುಂಚೆ ಮಲ್ಟಿಮೀಟರನ್ನು ಎ.ಸಿ. ವೋಲ್ಟ್‌ನ ದೊಡ್ಡ ಸ್ಥಾನಕ್ಕಿಟ್ಟು ಒಂದು ಕಡ್ಡಿ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ತಾಗಿಸಿ. ಒಂದೆರಡು ವೋಲ್ಟ್ ಆದರೆ ಸರಿ. ಹತ್ತಾರು ವೋಲ್ಟ್ ತೋರಿಸಿದರೆ ಪ್ಲಗ್ ಕಿತ್ತು ಕೂತುಕೊಳ್ಳಿ. ಎರಡು ಪಿನ್ನಿನ ಅಡಾಪ್ಟರ್‌ಗಳ ಸೋರಿಕೆಯೂ ನೂರರ ಹತ್ತಿರ ತೋರಿಸುತ್ತದೆ, ಅದರ ಕರೆಂಟು ಕಡಿಮೆ. ಆದರೆ ಸ್ಟೇಜಿನ ಮೇಲೆ ಯಾವುದು ಸೋರಿಕೆ, ಯಾವುದು ಕೊಲ್ಲುವಂಥದ್ದು ಎಂದು ತುಟಿಯಿಂದ ಪರೀಕ್ಷಿಸುವುದು ಬೇಡ.

ಪರಿಹಾರ: ಆ್ಯಂಪ್, ಮಿಕ್ಸರ್, ಕೀಬೋರ್ಡ್ ಎಲ್ಲಕ್ಕೂ ಒಂದೇ ಬೋರ್ಡಿನಿಂದ, ಒಂದೇ ಫೇಸ್‌ನಿಂದ ಮೂರು ಪಿನ್ನಿನ ಕರೆಂಟು. ಮೊದಲ ಬೋರ್ಡಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆರಿಸುವ ಸ್ವಿಚ್). ಗುಂಯ್ ತಪ್ಪಿಸಲು ಯಾರಾದರೂ ಅರ್ಥ್ ಪಿನ್ ಕತ್ತರಿಸಿ ಎಂದರೆ ಕೇಳಬೇಡಿ. ಡಿಐ ಬಾಕ್ಸ್‌ನ (ಬಾಸನ್ನು ಮಿಕ್ಸರ್‌ಗೆ ಸೇರಿಸುವ ಡಬ್ಬಿಯ) ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿ, ಅದು ಸಿಗ್ನಲ್‌ನ ಅರ್ಥ್ ಮಾತ್ರ ಬಿಡಿಸುತ್ತದೆ. ಉಪ್ಪು–ಇದ್ದಿಲು ತುಂಬಿದ ಹಳೆಯ ಅರ್ತಿಂಗ್ ಗುಂಡಿ ಮಳೆಯಲ್ಲಿ ಚೆನ್ನಾಗಿದ್ದು ಮಾರ್ಚ್–ಏಪ್ರಿಲ್‌ನಲ್ಲಿ ಒಣಗಿ ಕೈಕೊಡುತ್ತದೆ. ಮದುವೆಗಳೂ ಆಗಲೇ ಸಾಲುಗಟ್ಟುತ್ತವೆ. ಹಿಂದಿನ ದಿನವೇ ಎರಡು ಕೊಡ ನೀರು ಹೊಯ್ಯಿಸಿ.

ಜನರೇಟರ್ ಇದ್ದರೆ ಇನ್ನೊಂದು ತಲೆಬಿಸಿ. ಮಡಿಕೇರಿ ದಸರಾ ಮಂಟಪಗಳ ಟ್ರ್ಯಾಕ್ಟರ್ ಮೇಲಿರಲಿ, ಮದುವೆಮನೆಯ ಹಿತ್ತಲಲ್ಲಿರಲಿ, ಸಣ್ಣ ಜನರೇಟರ್‌ಗಳಲ್ಲಿ ಸಾಮಾನ್ಯವಾಗಿ ನ್ಯೂಟ್ರಲ್ ಅರ್ಥ್‌ಗೆ ಕೂಡಿರುವುದಿಲ್ಲ. ಆಗ ಆರ್‌ಸಿಸಿಬಿಯನ್ನು ನಂಬಿ ಕೂರುವಂತಿಲ್ಲ. ಎಲೆಕ್ಟ್ರಿಷಿಯನ್ ಕೈಯಲ್ಲಿ ಕೂಡಿಸಿ, ಅರ್ಥ್ ಕಂಬಿ ನೆಡಿಸಿ. ಪ್ಲಗ್ ಹಾಕುವ ಮುಂಚೆ ವೋಲ್ಟೇಜ್ ನೋಡಿ: 220ರಿಂದ 240 ಸರಿ, 260 ಮುಟ್ಟಿದರೆ ಆ್ಯಂಪ್ ಹಾಕಬೇಡಿ.

ಪ್ರಶ್ನೆ: ನಮ್ಮ ಅಭ್ಯಾಸದ ಕೋಣೆಯಲ್ಲಿ ಬಯಲು (ಬೆರಳೊತ್ತದೆ ಮೀಟಿದ) ‘ಇ’ ತಂತಿ ಮಾತ್ರ ಗುಡುಗುತ್ತದೆ, ಪಕ್ಕದ ಸ್ವರಗಳು ಕೇಳುವುದೇ ಇಲ್ಲ. ಪಿಕಪ್ ಬದಲಿಸಬೇಕೇ? — ಕುಶಾಲನಗರ

ಉತ್ತರ: ಟೇಪ್ ಹಿಡಿದು ಕೋಣೆ ಅಳೆಯಿರಿ. ಒಂದು ಬದಿ ಹದಿನಾಲ್ಕು ಅಡಿಯ ಆಸುಪಾಸು ಇರುತ್ತದೆ ಎಂದು ಪಂಥ ಕಟ್ಟಬಹುದು. ಬಯಲು ‘ಇ’ 41.2 ಹರ್ಟ್ಸ್, ಗಾಳಿಯಲ್ಲಿ ಅದರ ಅಲೆಯ ಉದ್ದ ಸುಮಾರು 8.3 ಮೀಟರ್. ಅದರ ಅರ್ಧ, ಅಂದರೆ 4.15 ಮೀಟರ್, ಗೋಡೆಯಿಂದ ಗೋಡೆಗೆ ಸರಿಯಾಗಿ ಕೂತರೆ ಕೋಣೆಯೇ ಆ ಸ್ವರವನ್ನು ಹಾಡುತ್ತದೆ. ಸದ್ದು ಗೋಡೆಯ ಬಳಿ ಅತಿ ಹೆಚ್ಚು, ನಡುವೆ ಅತಿ ಕಡಿಮೆ. ಆ್ಯಂಪನ್ನು ಮೂಲೆಯಿಂದ ಎಳೆದು ಆ ಹದಿನಾಲ್ಕು ಅಡಿಯ ನಡುಭಾಗದ ಕಡೆಗೆ ತನ್ನಿ, ಈಕ್ವಲೈಜರ್‌ನ ತೀರ ಕೆಳಗಿನ ಪಟ್ಟಿಯನ್ನು 4–6 ಡೆಸಿಬೆಲ್ ಇಳಿಸಿ. ಗೋಡೆಗೆ ಮೊಟ್ಟೆಯ ಟ್ರೇ ಹೊಡೆಯುವವರಿಗೆ ಒಂದು ಮಾತು: ಎಂಟು ಮೀಟರ್ ಅಲೆಗೆ ಅದು ಇದೆಯೆಂದೇ ಗೊತ್ತಾಗುವುದಿಲ್ಲ.

ಪ್ರಶ್ನೆ: ವಾಲಗದವರ ಜೊತೆ ಬ್ಯಾಂಡ್ ಕೂಡಿಸಿ ನುಡಿಸುತ್ತಿದ್ದೇವೆ. ಟ್ಯೂನರ್ ಹಸಿರು ತೋರಿಸಿದರೂ ಅಪಸ್ವರ. — ವಿರಾಜಪೇಟೆ

ಉತ್ತರ: ಟ್ಯೂನರ್ ‘ಎ’ ಸ್ವರಕ್ಕೆ 440 ಹರ್ಟ್ಸ್ ಎಂಬ ಲೆಕ್ಕದಲ್ಲಿದೆ, ಊದುವ ವಾದ್ಯ ಅದರ ಲೆಕ್ಕದಲ್ಲಿದೆ. ರಂಧ್ರಗಳನ್ನು ಸರಿಸಲಾಗದು, ತಂತಿಯನ್ನು ಸರಿಸಬಹುದು. ಆದ್ದರಿಂದ ಬಗ್ಗಬೇಕಾದವರು ನೀವು. ಷಡ್ಜವನ್ನು ಹತ್ತು ಸೆಕೆಂಡ್ ಎಳೆದು ಊದಲು ಕೇಳಿಕೊಳ್ಳಿ, ಟ್ಯೂನರ್ ಹತ್ತಿರದ ಸ್ವರಕ್ಕಿಂತ ಎಷ್ಟು ಸೆಂಟ್ (ಪಕ್ಕಪಕ್ಕದ ಎರಡು ಸ್ವರಸ್ಥಾನಗಳ ಅಂತರದ ನೂರನೇ ಒಂದು ಪಾಲು) ಮೇಲೆ ತೋರಿಸುತ್ತದೆ ನೋಡಿ. 1 ಹರ್ಟ್ಸ್ ಏರಿಸಿದರೆ ಸುಮಾರು 4 ಸೆಂಟ್. 30 ಸೆಂಟ್ ಮೇಲಿದ್ದರೆ ಟ್ಯೂನರನ್ನು 447 ಅಥವಾ 448ಕ್ಕೆ ಇಟ್ಟು ಎಲ್ಲ ತಂತಿ ಶ್ರುತಿ ಮಾಡಿ. ಕೀಬೋರ್ಡ್‌ನವರಿಗೂ ಫೈನ್ ಟ್ಯೂನ್‌ನಲ್ಲಿ ಅದೇ ಅಂಕಿ ಹಾಕಲು ಹೇಳಿ. ಊದುವವರು ಹದಿನೈದು ನಿಮಿಷ ನುಡಿಸಿ ವಾದ್ಯ ಬೆಚ್ಚಗಾದ ಮೇಲೆ ಅಳೆಯಿರಿ. ಮಂಜು ಕವಿದ ರಾತ್ರಿ ಬಯಲಿನಲ್ಲಿ ನಿಂತರೆ ಉಕ್ಕಿನ ತಂತಿ ಕುಗ್ಗಿ ಏರುತ್ತದೆ, ಊದುವ ವಾದ್ಯ ಇಳಿಯುತ್ತದೆ. ಎರಡೂ ಎದುರುಬದುರು ಓಡುವುದರಿಂದ ಪ್ರತಿ ಅರ್ಧ ಗಂಟೆಗೊಮ್ಮೆ ಪರೀಕ್ಷೆ ಬೇಕೇ ಬೇಕು.

ಪ್ರಶ್ನೆ: ಪ್ರಿಸಿಷನ್ ಮಾದರಿಯೋ, ಜಾಝ್ ಮಾದರಿಯೋ? ಗೆಳೆಯರ ಜಗಳ ಮುಗಿಯುತ್ತಿಲ್ಲ. — ಸೋಮವಾರಪೇಟೆ

ಉತ್ತರ: ಎರಡೂ ಫೆಂಡರ್ ಕಂಪನಿಯ ಮಾದರಿಗಳು: ಪ್ರಿಸಿಷನ್ 1951ರದು, ಎರಡು ತುಂಡಿನ ಈಗಿನ ಪಿಕಪ್ 1957ರಲ್ಲಿ ಬಂತು, ಜಾಝ್ 1960ರಲ್ಲಿ. ಜಾಝ್‌ನ ನೆಕ್ಕಿನ ಅಗಲ ‘ನಟ್’ನ (ತಲೆಯ ಕಡೆ ತಂತಿಗಳು ಕೂರುವ ಪಟ್ಟಿಯ) ಬಳಿ 38 ಮಿ.ಮೀ., ಪ್ರಿಸಿಷನ್‌ನದು ಸಾಮಾನ್ಯವಾಗಿ 41. ಸಣ್ಣ ಕೈಗೆ ಈ ಮೂರು ಮಿಲಿಮೀಟರ್ ದೊಡ್ಡದೇ. ಆದರೆ ಜಾಝ್‌ನ ಎರಡು ಪಿಕಪ್‌ಗಳು ಸಮನಾಗಿ ತೆರೆದಿದ್ದಾಗ ಮಾತ್ರ ಗುಂಯ್ ಒಂದನ್ನೊಂದು ಹೊಡೆದುಹಾಕುತ್ತದೆ, ಒಂದನ್ನು ಇಳಿಸಿದರೆ ಗುಂಯ್ ವಾಪಸ್. ಪ್ರಿಸಿಷನ್‌ನ ಪಿಕಪ್‌ಗೆ ಆ ಕಾಟವಿಲ್ಲ. ಹಳೆ ವೈರಿಂಗ್‌ನ ಹಾಲ್‌ಗಳಲ್ಲಿ ನುಡಿಸುವವರಿಗೆ ನಮ್ಮ ಓಟು ಪ್ರಿಸಿಷನ್‌ಗೆ.

ಪ್ರಶ್ನೆ: ಆ್ಯಂಪ್ ಹೆಡ್ (ಸ್ಪೀಕರ್ ಇಲ್ಲದ ಆ್ಯಂಪ್) ಮೇಲೆ ‘ಕನಿಷ್ಠ 4 ಓಮ್’ ಎಂದಿದೆ. 8 ಓಮಿನ ಎರಡು ಸ್ಪೀಕರ್ ಕ್ಯಾಬಿನೆಟ್ ಹಾಕಬಹುದೇ? — ಪೊನ್ನಂಪೇಟೆ

ಉತ್ತರ: ಹಾಕಿ, ಸಮಾಂತರವಾಗಿ ಎರಡು ಸೇರಿ ಸರಿಯಾಗಿ 4 ಆಗುತ್ತದೆ. ಮೂರನೆಯದು ಬೇಡ, 2.7ಕ್ಕೆ ಇಳಿದು ಹೆಡ್ ಬಿಸಿಯಾಗಿ ಆರಿಹೋಗುತ್ತದೆ, ಇಲ್ಲವೇ ಸುಡುತ್ತದೆ. ಹೆಡ್‌ನಿಂದ ಕ್ಯಾಬಿನೆಟ್‌ಗೆ ಗಿಟಾರ್ ಕೇಬಲ್ ಬಳಸಬೇಡಿ. ನೋಡಲು ಒಂದೇ ಥರದ ಜ್ಯಾಕ್ ಇದ್ದರೂ ಅದರೊಳಗಿನ ವೈರ್ ಕೂದಲೆಳೆಯಷ್ಟು. ಸ್ಪೀಕರ್ ಕೇಬಲ್‌ನಲ್ಲಿ 1.5 ಚದರ ಮಿ.ಮೀ.ನ ಎರಡು ದಪ್ಪ ವೈರ್ ಇರಬೇಕು. ಜ್ಯಾಕಿನ ಮುಚ್ಚಳ ತಿರುಗಿಸಿ ಬಿಚ್ಚಿದರೆ ಯಾವುದು ಯಾವುದು ಎಂದು ಕಣ್ಣಿಗೇ ಕಾಣುತ್ತದೆ.